ಎರಡನೆಯ ದೋಣಿ

ಕಾಕಾ ಅವರ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ರುಮಾಲು ಸುತ್ತಿಕೊಳ್ಳಬೇಕಾದರೆ ಕುಕ್ಕರಗಾಲಿನಲ್ಲಿ ಕುಳಿತು, ತಲೆಯನ್ನು ಮೊಣಕಾಲಿನ ತನಕ ಬಗ್ಗಿಸಿ, ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಲಗೈಯೊಂದರಲ್ಲೇ ಸುತ್ತುತ್ತಿದ್ದರು. ಗಡ್ಡದಲ್ಲಿ, ಹುಬ್ಬಿನಲ್ಲಿ, ಕಿವಿಯ ಕೂದಲಿನಲ್ಲಿ ಸದಾ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು.

ನಾನು ಸಿರುಗುಪ್ಪದ ಶಾಲೆಗೆ ಮೇಷ್ಟ್ರಾಗಿ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಬಾಡಿಗೆ ಮನೆಯ ಗೋಡೆಗೆ ಹತ್ತಿಕೊಂಡೇ ಅವರ ಮನೆ. ಅವರು ಪಿಂಜಾರರು; ಗಾದಿ, ದಿಂಬುಗಳಿಗೆ ಹತ್ತಿ ಹಿಂಜುವುದು ಅವರ ಕಸುಬು. ಹಿಂಜುವ ಬಿಲ್ಲನ್ನು ತೊಲೆಗೆ ಹಗ್ಗ ಕಟ್ಟಿ ತೂಗುಬಿಟ್ಟು ಬಲಗೈಯಿಂದ ಮೀಟುತ್ತಿದ್ದರು. ಬೆಳಗಾಗುತ್ತಲೇ ಗೋಡೆಯಾಚೆಯಿಂದ ಆ ಸದ್ದು ಶುರುವಾಗುತ್ತಿತ್ತು. ಕೇರಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಧಾತು ಸಂವತ್ಸರದ ಬರದಲ್ಲಿ ಅವರು ಹೆಂಡತಿಯನ್ನು ಕರೆದುಕೊಂಡು ಮದ್ರಾಸಿಗೆ ಹೋಗಿ, ಕೂಲಿಗಳ ಹಡಗು ಹತ್ತಿ, ದೂರದ ಒಂದು ಕಬ್ಬಿನ ದ್ವೀಪಕ್ಕೆ ಹೋಗಿದ್ದರಂತೆ. ಮಗಳು ಹುಟ್ಟಿದ್ದು ಅಲ್ಲಿಯೇ. ಹತ್ತು ವರ್ಷ ದುಡಿದು ಊರಿಗೆ ಮರಳಿದಾಗ ಮಾತ್ರ ಒಬ್ಬರೇ ಬಂದಿದ್ದರು. ಹೆಂಡತಿ, ಮಗಳು ಅಲ್ಲೇ ಹೇಗೆ ಉಳಿದರು ಎಂದು ಯಾರಾದರೂ ಕೇಳಿದರೆ, "ಗಾಳಿ ಭಾಳ ಇತ್ತು" ಎಂದಷ್ಟೇ ಹೇಳಿ ಬಿಲ್ಲಿಗೆ ಕೈ ಹಾಕುತ್ತಿದ್ದರು.

ತಿಂಗಳಿಗೊಮ್ಮೆ ನನ್ನ ಬಳಿ ಬಂದು ಹೆಂಡತಿಗೆ ಕಾಗದ ಬರೆಸುತ್ತಿದ್ದರು. ಆ ದ್ವೀಪದ ಹೆಸರು ಅವರ ಬಾಯಲ್ಲಿ ಒಂದೊಂದು ಸಲ ಒಂದೊಂದು ರೀತಿ ಹೊರಳುತ್ತಿತ್ತು. ತೋಟದ ದೊರೆಯ ಹೆಸರಂತೂ ಕಂಬಾರನ ಕುಲುಮೆಯ ಸದ್ದಿನಂತಿತ್ತು. ನನಗೆ ತೋಚಿದ ಹಾಗೆ ಇಂಗ್ಲಿಷಿನಲ್ಲಿ ವಿಳಾಸ ಬರೆಯುತ್ತಿದ್ದೆ. ಒಳಗಿನ ಒಕ್ಕಣೆ ಮಾತ್ರ ಬದಲಾಗುತ್ತಿರಲಿಲ್ಲ: "ನಾನು ಬರುತ್ತೇನೆ. ಅಲ್ಲೇ ಇರು. ಕೂಸಿಗೆ ಗಾಳಿ ತಾಗದಂತೆ ನೋಡಿಕೋ." ಎಂಟು ತಿಂಗಳ ಮೇಲೆ ಕೆಲವು ಲಕೋಟೆಗಳು ಮುದ್ರೆಯ ಮೇಲೆ ಮುದ್ರೆ ಹಾಕಿಸಿಕೊಂಡು ಹಿಂದಿರುಗಿದವು. ಅವನ್ನು ಅವರು ಬಿಚ್ಚದೆ ಹಾಗೆಯೇ ಗೋಡೆಯ ಗೂಡಿನಲ್ಲಿ ಇಟ್ಟರು.

ಎರಡು ಸಲ ಮದ್ರಾಸಿನ ತನಕ ಹೋಗಿ ಬಂದಿದ್ದರು. ಕೂಲಿಗಳನ್ನು ಆರಿಸುವ ಡಿಪೋದಲ್ಲಿ ಡಾಕ್ಟರು "ಎರಡೂ ಕೈ ಎತ್ತು" ಎನ್ನುತ್ತಿದ್ದರಂತೆ. ಅಲ್ಲಿಗೆ ಮುಗಿಯಿತು. ಎರಡನೆಯ ಸಲ ಹಿಂದಿರುಗಿದಾಗ ವಾರವಿಡೀ ಬಿಲ್ಲಿನ ಸದ್ದು ಕೇಳಲಿಲ್ಲ. ಕೇರಿಯ ಹಿರಿಯರು ಬಂದು, ಇನ್ನೊಂದು ನಿಕಾ ಮಾಡಿಕೋ ಎಂದು ಬುದ್ಧಿ ಹೇಳಿದರು. "ಅಕಿ ದಂಡ್ಯಾಗ ನಿಂತಾಳ. ಇಲ್ಲಿ ನಾ ಹಾಸಿಗಿ ಹಾಸ್ಲೇನು?" ಎಂದು ಕಾಕಾ ಎದ್ದು ಒಳಗೆ ಹೋದರು.

ವೈಶಾಖ ಬಂತೆಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಕಲ್ಲು ಬಿರಿಯುವ ಬಿಸಿಲು, ಅವರು ಮಾತ್ರ ಅಂಗಳದಲ್ಲಿ ನಿಂತು, "ಅಲ್ಲೀಗ ಥಂಡಿ ಗಾಳಿ ಎದ್ದಿರ್ತೈತಿ, ಮಾಸ್ತರ. ದಿನಕ್ಕ ಹತ್ತು ಸಲ ಮಳಿ" ಎನ್ನುತ್ತಿದ್ದರು. ನಮ್ಮ ಬೇಸಿಗೆ ಅವರಿಗೆ ಚಳಿಗಾಲದ ಹೊಸ್ತಿಲು ಎಂಬುದು ನನಗೆ ಆಗ ನಂಬುವ ಮಾತಾಗಿರಲಿಲ್ಲ.

ಮರುವರ್ಷ ಕಾರ್ತಿಕದಲ್ಲಿ ನನ್ನ ಹೆಂಡತಿಯನ್ನೂ ಮೂರು ತಿಂಗಳ ಮಗಳನ್ನೂ ತವರಿನಿಂದ ಕರೆತರಲು ಹೋದೆ. ಅವಳ ತವರು ತುಂಗಭದ್ರೆಯಾಚೆ, ನಿಜಾಮರ ಸೀಮೆಯಲ್ಲಿ. ಅದೇ ಊರಿನಲ್ಲಿ ಮದುವೆ ಮನೆಯೊಂದರ ಗಾದಿ ಹಿಂಜಲು ಬಂದಿದ್ದ ಕಾಕಾ, ಮಿಕ್ಕ ಹತ್ತಿಯ ಗಂಟು ಹೊತ್ತು ನಮ್ಮ ಜೊತೆಗೇ ಹೊರಟರು. ಮೂರು ದಿನದಿಂದ ಗಾಳಿ ನಿಂತಿರಲಿಲ್ಲ. ಬಿಸಿಲು ಬೀಳುವುದು, ಅಷ್ಟರಲ್ಲಿ ಮೋಡವೊಂದು ಓಡಿ ಬಂದು ತೋಯಿಸಿ ಹೋಗುವುದು. ನಾವು ದಂಡೆಗೆ ಬಂದಾಗ ಮಧ್ಯಾಹ್ನ. ಹೊಳೆ ಕೆಂಪಗೆ ಉಬ್ಬಿತ್ತು. ಹೆಂಡತಿಗೆ ಜ್ವರ ಬೇರೆ.

ಹರಿಗೋಲಿನವನು ಅವಸರ ಮಾಡಿದ. "ಮಾಸ್ತರ, ಮಂದಿ ಭಾಳ ಅದಾರ. ನೀವು ಸಾಮಾನು ತಗೊಂಡು ಮೊದ್ಲ ಬರ್ರಿ. ಅಕ್ಕಾರ್ನ, ಕೂಸನ್ನ ಎರಡ್ನೇ ಸಲಕ್ಕ ತರ್ತೀನಿ."

ಸರಿಯೆಂದು ನಾನು ಹರಿಗೋಲಿಗೆ ಕಾಲಿಟ್ಟೆ. ಹಿಂದಿನಿಂದ ಯಾರೋ ನನ್ನ ಶಲ್ಯ ಹಿಡಿದು ಜಗ್ಗಿದರು. ಕಾಕಾ.

"ಇಳೀರಿ."

"ಯಾಕ, ಕಾಕಾ? ಅರ್ಧ ತಾಸಿನ ಮಾತು."

"ಇಳಿ ಅಂದೆ!"

ಅದುವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಮುಖ ಬಿಳಚಿಕೊಂಡಿತ್ತು. ನಾನು ಇಳಿದೆ. ಹರಿಗೋಲಿನವನು ಬೈದುಕೊಂಡು ಉಳಿದವರನ್ನು ತುಂಬಿಕೊಂಡು ಹೋದ. ದಂಡೆಯ ಮೇಲಿನ ಜೋಪಡಿಯಲ್ಲಿ ಹೆಂಡತಿ, ಮಗುವನ್ನು ಕೂರಿಸಿ ನಾನು ಸಿಟ್ಟಿನಿಂದ ನಿಂತಿದ್ದೆ. ಆಗ ಕಾಕಾ ಹೊಳೆಯತ್ತಲೇ ನೋಡುತ್ತ ಹೇಳತೊಡಗಿದರು.

"ಇದ ಗಾಳಿ, ಮಾಸ್ತರ. ಇದ ಮಳಿ. ಊರಿಗೆ ಹೊರಡೋ ಹಡಗು ದೂರ ನಿಂತಿತ್ತು. ನೀರಾಗ ಕಲ್ಲಿನ ಸಾಲು ಐತಿ, ಹಡಗು ದಂಡಿಗಿ ಬರಂಗಿಲ್ಲ. ಮೊದಲ್ನೇ ದೋಣ್ಯಾಗ ಗಂಡಸ್ರು, ಪೆಟ್ಟಿಗಿ. ಎರಡ್ನೇದ್ರಾಗ ಹೆಂಗಸ್ರು, ಹುಡುಗ್ರು. ನಾ ಹಡಗು ಹತ್ತಿ ಮ್ಯಾಲಿಂದ ನೋಡ್ತಿದ್ದೆ. ಅರ್ಧ ದಾರಿ ಬಂದಿದ್ರು. ಅಕಿ ಕೈ ಬೀಸಿದ್ಲು. ಕೂಸು ತೊಡಿ ಮ್ಯಾಲ ಇತ್ತು, ಐದು ವರ್ಷದ್ದು. ಆಗ ಒಂದು ಮಳಿ ಬಂತು ನೋಡ್ರಿ. ಏನೂ ಕಾಣ್ಲಿಲ್ಲ. ಅದು ಹೋದ ಮ್ಯಾಲ ನೋಡಿದ್ರ ದೋಣಿ ಮಾರಿ ತಿರುಗಿಸಿತ್ತು. ಸಮುದ್ರ ಎಲ್ಲಾ ಬೆಳ್ಳಗ. ಲಂಗರು ಹಿಡೀವಲ್ದು, ಹಡಗು ಕಲ್ಲಿಗಿ ಬಡೀತೈತಿ ಅಂತ ಹಾಯಿ ಬಿಚ್ಚಿಬಿಟ್ರು."

"ನೀವು?"

"ಜಿಗಿಯಾಕ ಹೋದೆ. ಹಡಗಿನ ಖಲಾಸಿಗಳು ಇಬ್ರು ಈ ಕೈ ಹಿಡದು ಜಗ್ಗಿದ್ರು. ಕೀಲು ತಪ್ಪಿತು, ಆದ್ರೂ ಬಿಡ್ಲಿಲ್ಲ. ಬಿಟ್ಟಿದ್ರ ಚಲೋ ಇತ್ತು." ರುಮಾಲಿನ ತುದಿಯಿಂದ ಮುಖದ ನೀರು ಒರೆಸಿಕೊಂಡು ಸೇರಿಸಿದರು: "ಆ ದೋಣಿ ದಂಡಿ ಮುಟ್ಟಿತೋ ಇಲ್ಲೋ, ಅದೂ ನಂಗೊತ್ತಿಲ್ಲ, ಮಾಸ್ತರ."

ಹರಿಗೋಲು ಸಿರುಗುಪ್ಪದ ದಂಡೆ ಮುಟ್ಟಿದ್ದನ್ನು ಕಣ್ಣಾರೆ ಕಂಡೆವು. ಅದು ಮರಳಿ ಬರಲಿಲ್ಲ. ಮೇಲಿನಿಂದ ಮರಗಳು ಬೇರುಸಹಿತ ತೇಲಿ ಬರತೊಡಗಿದ್ದವು. ಹೊತ್ತು ಇಳಿಯುವ ಮೊದಲೇ ನೀರು ಜೋಪಡಿಯ ಒಳಗೆ ಬಂತು. ನಾವು ಬಂದಿದ್ದ ದಾರಿಯ ಹಳ್ಳವೂ ತುಂಬಿ ಹಿಂದೆ ಹೋಗಲು ದಾರಿ ಉಳಿಯಲಿಲ್ಲ. ಇದ್ದದ್ದು ಒಂದೇ ಆಸರೆ, ದಿಬ್ಬದ ಮೇಲಿನ ಹಾಳು ಮಂಟಪ. ಹೆಂಡತಿಗೆ ಮೈಮೇಲೆ ಎಚ್ಚರವಿರಲಿಲ್ಲ. ಅವಳನ್ನು ಬೆನ್ನಿಗೆ ಹಾಕಿಕೊಂಡೆ. ಇಬ್ಬರನ್ನು ಹೊರುವುದು ನನ್ನಿಂದ ಆಗದ ಮಾತಾಗಿತ್ತು. ಕಾಕಾ ಮಗುವನ್ನು ಹತ್ತಿಯ ಗಂಟಿನೊಳಗೆ ಹುದುಗಿಸಿ, ಗಂಟನ್ನು ತಲೆಯ ಮೇಲಿಟ್ಟು, ಬಲಗೈಯಲ್ಲಿ ಹಿಡಿದು ಮುಂದೆ ನಡೆದರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಒಮ್ಮೆ ಅವರು ಎಡವಿ ಗದ್ದದ ತನಕ ಮುಳುಗಿದರು. ಗಂಟು ಅಲುಗಲಿಲ್ಲ. "ಯಾ ಅಲ್ಲಾ, ಇದೊಂದು ಕೂಸು ಕೊಡು" ಎಂದು ಅವರು ಕೂಗಿದ್ದು ಆ ಗಾಳಿಯಲ್ಲೂ ನನಗೆ ಕೇಳಿಸಿತು.

ಐದು ದಿನ ಆ ಮಂಟಪದಲ್ಲಿದ್ದೆವು. ಮೂರನೆಯ ದಿನ ಜ್ವರ ಇಳಿದು ಹೆಂಡತಿ ಕಣ್ಣು ಬಿಟ್ಟಳು. ನಾನು ಮೊದಲ ಸಲಕ್ಕೇ ದಾಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಗಂಡಹೆಂಡತಿ ಇಂದಿಗೂ ಬಾಯಿಬಿಟ್ಟು ಆಡಿಲ್ಲ.

ಊರಿಗೆ ಬಂದ ಮೇಲೆ ನನಗೆ ಒಂದೇ ಚಿಂತೆ, ಇವರನ್ನು ಮತ್ತೆ ಆ ದ್ವೀಪಕ್ಕೆ ಹೇಗೆ ಕಳಿಸುವುದು ಎಂದು. ಕಾಕಾ ಮದ್ರಾಸಿನಲ್ಲಿ ಒಂದು ಮಾತು ಕೇಳಿ ಬಂದಿದ್ದರು: ಕೂಲಿಗಳ ಹಡಗಿಗೆ ಅಡುಗೆಯವರನ್ನೂ ತೆಗೆದುಕೊಳ್ಳುತ್ತಾರೆ, ಅವರ ಕೈಕಾಲು ಅಷ್ಟಾಗಿ ನೋಡುವುದಿಲ್ಲ ಎಂದು. ಆದರೆ ಕಾಕಾ ಅವರಿಗೆ ಸರಿಯಾಗಿ ಅನ್ನ ಬಸಿಯಲೂ ಬರುತ್ತಿರಲಿಲ್ಲ. ನನ್ನ ಹೆಂಡತಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಛತ್ರದಿಂದ ದೊಡ್ಡ ಹಂಡೆ ತರಿಸಿದಳು. "ಅಣ್ಣಾ, ಉಪ್ಪು ಆಮ್ಯಾಲ. ಮೊದ್ಲ ಬ್ಯಾಳಿ ಬೇಯಲಿ" ಎಂದು ಕಾಕಾ ಅವರಿಗೆ ಒಂದು ತಿಂಗಳು ಕಲಿಸಿದಳು. ಸೀದದ್ದನ್ನು, ಅರೆಬೆಂದದ್ದನ್ನು ಕೇರಿಯವರೆಲ್ಲ ತಿಂದೆವು. ನಾನು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದೆ: ಈತ ನಮ್ಮೂರ ಛತ್ರದಲ್ಲಿ ಆರು ವರ್ಷ ಅಡುಗೆ ಮಾಡಿದ್ದಾನೆ, ನಂಬಿಗಸ್ತ. ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಬೆತ್ತ ಹಿಡಿಯುವ ನಾನು ಅದನ್ನು ಹಿಂದೆಮುಂದೆ ನೋಡದೆ ಬರೆದೆ.

ಬಳ್ಳಾರಿ ಸ್ಟೇಷನ್ನಿನ ತನಕ ಬಂಡಿಯಲ್ಲಿ ಹೋಗಿ ಬೀಳ್ಕೊಟ್ಟೆ. ರೈಲು ಹೊರಡುವಾಗ, "ಸಿಗ್ಲಿಲ್ಲ ಅಂದ್ರ?" ಎಂದು ಕೇಳಿಬಿಟ್ಟೆ.

"ಸಿಗ್ಲಿಲ್ಲ ಅನ್ನೋದಾದ್ರೂ ಗೊತ್ತಾಗ್ತೈತಲ್ಲ, ಮಾಸ್ತರ" ಎಂದರು.

ಮುಂದೆ ಏಳು ವರ್ಷ ಸುದ್ದಿಯಿಲ್ಲ. ಅವರನ್ನು ಹೆಂಡತಿ, ಮಗಳ ಕಡೆಗೆ ಕಳಿಸಿದೆನೋ, ಸಾವಿನ ಬಾಯಿಗೆ ನೂಕಿದೆನೋ ತಿಳಿಯದೆ ನಾನು ಒಳಗೊಳಗೇ ಬೆಂದೆ. ಪ್ರತಿ ಕಾರ್ತಿಕದಲ್ಲೂ ಗಾಳಿ ಎದ್ದರೆ ನಿದ್ದೆ ಬರುತ್ತಿರಲಿಲ್ಲ.

ಆಮೇಲೆ ಕುರುಗೋಡಿಗೆ ನನ್ನ ವರ್ಗವಾಯಿತು. ಅಲ್ಲಿ ದ್ವೀಪದಿಂದ ಮರಳಿದ ಹೆಂಗಸೊಬ್ಬಳು ಇದ್ದಾಳೆಂದು ಕೇಳಿ ಅವಳ ಮನೆಗೆ ಓಡಿದೆ. ಎಡಗೈ ಏಳದ ಅಡುಗೆಯವನೊಬ್ಬನನ್ನು ಕಂಡಿದ್ದೀಯಾ ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟಳು.

ಕಾಕಾ ಅಡುಗೆ ಮಾಡುತ್ತಿದ್ದ ತೋಟದಲ್ಲೇ ದುಡಿದವಳು ಅವಳು; ಹೇಳಿದ್ದು ಇಷ್ಟು. ಆ ದೋಣಿ ದಂಡೆ ಮುಟ್ಟಿತ್ತು. ಕಾಕಾ ಅವರ ಹೆಂಡತಿ ಎರಡು ವರ್ಷ ದಿನವೂ ಸಮುದ್ರದ ದಂಡೆಗೆ ಹೋಗಿ ನಿಂತು, ಜ್ವರ ಬಂದು ತೀರಿಕೊಂಡಿದ್ದಳು. ಮಗಳನ್ನು ಬೇರೆ ಭಾಷೆಯ ಕೂಲಿಗಳು ಇನ್ನೊಂದು ತೋಟಕ್ಕೆ ಕರೆದೊಯ್ದು ಸಾಕಿದ್ದರು. ಕಾಕಾ ತೋಟದಿಂದ ತೋಟಕ್ಕೆ ಅಲೆದು ಒಂದೂವರೆ ವರ್ಷಕ್ಕೆ ಅವಳನ್ನು ಹುಡುಕಿದರು. ಅವಳಿಗೆ ಅವರ ಗುರುತೂ ಇರಲಿಲ್ಲ, ಅವರ ಮಾತೂ ತಿಳಿಯುತ್ತಿರಲಿಲ್ಲ. "ನನ್ನ ಅಪ್ಪ ಹಡಗು ಹತ್ತಿ ಓಡಿಹೋದವನು" ಎಂದು ಬಾಗಿಲು ಹಾಕಿಕೊಂಡಳಂತೆ. ಅವರು ಅದೇ ತೋಟದಲ್ಲಿ ಕೂಲಿಗಳಿಗೆ ಅಡುಗೆ ಮಾಡುತ್ತ ಉಳಿದರು. ದಿನವೂ ಅವಳ ತಟ್ಟೆಗೆ ತಾವೇ ಬಡಿಸುತ್ತಿದ್ದರು. ಅವಳು ತಲೆ ಎತ್ತದೆ ತಿಂದು ಹೋಗುತ್ತಿದ್ದಳು. ಹೀಗೆ ಮೂರು ವರ್ಷ.

"ಥಂಡಿ ಗಾಳಿ, ಮಳಿ ಹಿಡಿದಿದ್ದ ದಿವ್ಸ ಹೋದ್ರು" ಎಂದಳು ಆ ಹೆಂಗಸು. "ಎದಿ ನೋವು ಅಂತ ಒಲಿ ಮುಂದ ಕುಂತವ್ರು ಏಳ್ಲಿಲ್ಲ."

"ಆ ಹುಡುಗಿ ಬಂದ್ಲೇನವ್ವಾ?"

"ಬಂದ್ಲ್ರಿ. ಮಳ್ಯಾಗ ಓಡಿ ಬಂದು ಕಾಲ ಹಿಡಕೊಂಡು ಬಿದ್ಲು. ಆ ಹುಡುಗಿಗಿ ನಮ್ಮ ಮಾತು ಒಂದಕ್ಷರ ಬರತಿದ್ದಿಲ್ರಿ. ಆವತ್ತು ಮಾತ್ರ 'ಅಪ್ಪಾ, ಅಪ್ಪಾ' ಅಂತ ನಮ್ಮಂಗ ಅತ್ಲು."