ಬೆಂಕಿ ಮುಟ್ಟದ ಬಾಯಿ

ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಎನ್ನುತ್ತಾರೆ. ಭಂಡಿಗಡಿಯ ಕೃಷ್ಣಪ್ಪ ಇನ್ನೂ ಬದುಕಿದ್ದಾನೆ. ಅದಕ್ಕೇ ಈ ಕೆಲಸವನ್ನು ಬೇಗ ಮುಗಿಸಿಬಿಡುತ್ತೇನೆ. ಅವನು ನನ್ನ ಹೆಂಡತಿ ಯಮುನಮ್ಮನ ತಮ್ಮ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಹೆಣ್ಣು ನೋಡಲು ಹೋದ ದಿನ ಮನೆಯವರು ಅವನನ್ನು ಹಿತ್ತಲಿಗೆ ಕಳಿಸಿದ್ದರು.

ವಯಸ್ಸು ಅರವತ್ತೆರಡು. ಎತ್ತರ ಐದಡಿ, ಧ್ವನಿ ಹನ್ನೆರಡಡಿ. ಅವನು ಭಂಡಿಗಡಿಯಲ್ಲಿ ಕೆಮ್ಮಿದರೆ ಬಸರೀಕಟ್ಟೆಯ ನಮ್ಮ ಕೊಟ್ಟಿಗೆಯಲ್ಲಿ ದನ ಹಗ್ಗ ಹರಿದುಕೊಳ್ಳುತ್ತದೆ. ಆದರೆ ಒಂದು ವಿದ್ಯೆ ಅವನಿಗೆ ಒಲಿದಿದೆಯೆಂದು ವೈರಿಯಾದ ನಾನೂ ಒಪ್ಪಬೇಕು: ಅಡಿಕೆ ಬೇಯಿಸುವುದು. ಕೊಯ್ಲಿನ ಕಾಲದಲ್ಲಿ ಸುತ್ತಿನ ಏಳು ಊರಿನವರು ಅವನನ್ನು ಕರೆದು ಹಂಡೆಯ ಮುಂದೆ ನಿಲ್ಲಿಸುತ್ತಾರೆ. ಅಡಿಕೆ ಬೆಂದು ಉಳಿದ ಕೆಂಪು ನೀರಿಗೆ ನಾವು ಚೊಗರು ಎನ್ನುತ್ತೇವೆ. ಅದರ ಹಬೆ ಮೂಸಿಯೇ ಇನ್ನೆಷ್ಟು ಹೊತ್ತು ಬೇಯಬೇಕೆಂದು ಹೇಳುತ್ತಾನೆ. ಅವನು ಬೇಯಿಸಿದ ಅಡಿಕೆಯ ಬಣ್ಣ ನೋಡಿ ಸಂಜೆಯ ಸೂರ್ಯ ನಾಚಿ ಅರ್ಧ ಗಂಟೆ ಮೊದಲೇ ಮುಳುಗಿದ್ದನ್ನು ಕಂಡವರಿದ್ದಾರೆ.

ನಮ್ಮಿಬ್ಬರ ಜಗಳವೂ ಈ ವಿದ್ಯೆಯಿಂದಲೇ ಹುಟ್ಟಿದ್ದು. ಒಂಬತ್ತು ವರ್ಷದ ಹಿಂದೆ ನಮ್ಮ ಮಗಳು ನಿಶ್ಚಿತಾಳ ಬೀಗರೂಟ. ಯಮುನಮ್ಮ ತಾನೇ ನಿಂತು ಕೋಳಿ ಸಾರು ಮಾಡಿಸಿದ್ದಳು. ಕೃಷ್ಣಪ್ಪ ಒಂದು ತುತ್ತು ಬಾಯಿಗಿಟ್ಟು, ಗಂಡಿನ ಕಡೆಯವರ ಸಾಲು ಪೂರ್ತಿ ಕೇಳುವ ಹಾಗೆ, "ಅಕ್ಕಾ, ಇದಕ್ಕಿಂತ ನನ್ನ ಚೊಗರು ದಪ್ಪ ಇರ್ತದೆ" ಎಂದ. ನಾನು, "ಹಂಗಾದ್ರೆ ಎದ್ದು ಹೋಗಿ ಅದನ್ನೇ ಕುಡಿ ಮಾರಾಯ" ಎಂದೆ. ಎದ್ದು ಹೋದ. ಅರ್ಧ ಉಂಡ ಎಲೆ ಅಲ್ಲೇ ಉಳಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಅವನು ಕೈ ತೊಳೆದಿಲ್ಲ. ಬರುತ್ತಾನೆ, ಅಂಗಳದಲ್ಲೇ ನಿಂತು ಅಕ್ಕನ ಹತ್ತಿರ ಮಾತಾಡುತ್ತಾನೆ, ನೀರು ಸಹ ಮುಟ್ಟದೆ ಹೋಗುತ್ತಾನೆ. ಅವನು ಹೋದ ಮೇಲೆ ಯಮುನಮ್ಮ ಒಳಗೆ ಪಾತ್ರೆಗಳನ್ನು ಎತ್ತಿಡುವ ಸದ್ದು ಕೇಳಿದರೆ, ಪಾತ್ರೆಯ ಬದಲು ನನ್ನನ್ನೇ ಕುಕ್ಕುತ್ತಿದ್ದಾಳೆ ಅನ್ನಿಸುತ್ತದೆ.

ಹೋದ ವರ್ಷ ಅವನಿಗೆ ಸಕ್ಕರೆ ಕಾಯಿಲೆ ಬಂತು. ಯಾವುದೋ ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿ ಹತ್ತು ದಿನ ಇದ್ದು ಬಂದ. ಹೋಗುವಾಗ ರೋಗಿ, ಬರುವಾಗ ಜಗದ್ಗುರು. ಬೇಯಿಸಿದ್ದು ಬಿಟ್ಟ. ಹಣ್ಣು, ತೆಂಗಿನಕಾಯಿ, ಮೊಳಕೆ ಕಾಳು, ಸೌತೆಕಾಯಿ, ಇಷ್ಟೇ. ಅಷ್ಟಕ್ಕೆ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಯಾರ ತಟ್ಟೆ ಕಂಡರೂ ಬಗ್ಗಿ ನೋಡಿ, "ಬೆಂಕಿ ಕಂಡ ಅನ್ನ ಅಂದ್ರೆ ಹೆಣ. ಬೆಂಕಿ ಮುಟ್ಟಿದ್ದು ನನ್ನ ಬಾಯಿ ಮುಟ್ಟಲ್ಲ" ಎನ್ನುತ್ತಿದ್ದ. ಒಂದು ತಿಥಿ ಊಟದಲ್ಲೂ ಹಾಗೆಂದ. ಆ ಮನೆಯವರು ಈಗ ಅವನ ಗದ್ದೆಯ ದಾರಿಯಲ್ಲಿ ಓಡಾಡುವುದಿಲ್ಲ.

ಸೆಪ್ಟೆಂಬರ್ ಕೊನೆಗೆ, ಕೊಯ್ಲು ಶುರುವಾಗುವ ಮೊದಲು, ಕೊಪ್ಪದ ಕಾಂತೇಶ್ ವಿದೇಶ ಪ್ರವಾಸ ಹೊರಡಿಸಿದ. ಮಲೇಷ್ಯಾ, ಶ್ರೀಲಂಕಾ, ಒಟ್ಟು ಹನ್ನೊಂದು ದಿನ. ಅಡುಗೆಗೆ ಶೃಂಗೇರಿಯ ಪ್ರಕಾಶ ಜೊತೆಗೇ ಬರುತ್ತಾನೆ, ಆದ್ದರಿಂದ ಊಟಕ್ಕೆ ಚಿಂತೆಯಿಲ್ಲ ಎಂದ. ಯಮುನಮ್ಮ ನನ್ನನ್ನೂ ತಮ್ಮನನ್ನೂ ಕೇಳದೆ ಇಬ್ಬರ ಹೆಸರನ್ನೂ ಬರೆಸಿ, ಇಬ್ಬರಿಗೂ ಒಂದೇ ರೂಮು ಹೇಳಿದಳು.

"ನೀನೂ ಬಾ" ಎಂದೆ.

"ನಾನೆಂತಕ್ಕೆ? ಹನ್ನೊಂದು ದಿನ ನೀವಿಬ್ರೂ ಇಲ್ಲಿಲ್ಲ ಅಂದ್ರೆ ನನಗೆ ಅದೇ ಪ್ರವಾಸ."

ಹೊರಡುವ ದಿನ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ಜನರ ಎದುರು ಕೃಷ್ಣಪ್ಪ ಪ್ರಕಾಶನ ಪಾತ್ರೆಗಳ ಗಂಟು ನೋಡಿ, "ಹೆಣ ಸುಡೋ ಸಾಮಾನೆಲ್ಲ ತಂದಿದೀಯಲ್ಲ" ಎಂದ. ಪ್ರಕಾಶ ನಲವತ್ತು ವರ್ಷ ಯಾತ್ರಿಕರಿಗೆ ಬಡಿಸಿದವನು, ಗಂಟನ್ನು ಎತ್ತಿ ಬಸ್ಸಿಗೆ ಹಾಕಿದ. ನನಗೆ ತಡೆಯಲಾಗಲಿಲ್ಲ.

"ಹನ್ನೊಂದು ದಿನ ಹಸೀದು ತಿಂದ್ಕೊಂಡು ಪರದೇಶ ತಿರುಗ್ತೀಯಾ? ಮೂರನೇ ದಿನಕ್ಕೆ ಇವನ ಅನ್ನದ ಪಾತ್ರೆ ತಬ್ಬಿಕೊಂಡು ಅಳ್ತೀಯ."

"ಭಾವಾ, ಬೆಂಕಿ ಮುಟ್ಟಿದ್ದು ನನ್ನ ಬಾಯಿ ಮುಟ್ಟಿದ್ರೆ, ನಿಮ್ಮನೆಗೆ ಬಂದು ಎಲೆ ಮುಂದೆ ಕೂತು ಅಕ್ಕನ ಕೋಳಿ ಸಾರು ಉಂಡು, ಚೆನ್ನಾಗದೆ ಅಂತೀನಿ. ಮುಟ್ಟದಿದ್ರೆ?"

"ಮುಟ್ಟದಿದ್ರೆ ನಿನ್ನ ಅಂಗಳಕ್ಕೆ ಬಂದು, ಅವತ್ತು ಎದ್ದು ಹೋಗು ಅಂದಿದ್ದು ತಪ್ಪಾಯ್ತು ಅಂತೀನಿ."

ಕಾಂತೇಶ್ ಸಾಕ್ಷಿ. ಬಸ್ಸು ಹೊರಟಿತು.

ಅವನ ಸೂಟ್‌ಕೇಸಿನಲ್ಲಿ ಬಟ್ಟೆ ಎರಡು ಜೊತೆ. ಉಳಿದದ್ದು ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು. ಬೆಂಗಳೂರು ದಾಟುವಷ್ಟರಲ್ಲಿ ಮೊಳಕೆ ಬಂತು, ವಿಮಾನ ಸಮುದ್ರದ ಮೇಲಿದ್ದಾಗ ಎಲೆ ಬಂತು, ಕೌಲಾಲಂಪುರದಲ್ಲಿ ಇಳಿದಾಗ ಬಳ್ಳಿ ಜಿಪ್ಪಿನ ಸಂದಿಯಿಂದ ತಲೆ ಹೊರಹಾಕಿ ಅಧಿಕಾರಿಗೆ ನಮಸ್ಕಾರ ಮಾಡುತ್ತಿತ್ತು. ಅಧಿಕಾರಿ ಇಡೀ ಗಂಟನ್ನು ಕಸದ ಡಬ್ಬಿಗೆ ಹಾಕಿದ. ಮೈಗೆ ಅಂಟಿಕೊಂಡಂತಿದ್ದ ಎಲೆಅಡಿಕೆಯ ಸಂಚಿ ಒಂದನ್ನು ಮಾತ್ರ ಮೂಸಿ ನೋಡಿ ಹಿಂದಕ್ಕೆ ಕೊಟ್ಟ. ಕೃಷ್ಣಪ್ಪ ಒಂದು ಹೋಳು ದವಡೆಗಿಟ್ಟುಕೊಂಡು, "ಹಣ್ಣಿನ ದೇಶ ಇದು, ನನಗೆಂತ ಚಿಂತೆ" ಎಂದ.

ಎರಡನೇ ದಿನ ಅಲ್ಲಿನ ಮುಳ್ಳುಹಣ್ಣು ದುರಿಯನ್ ತಂದ. ನೋಡಲು ಹಲಸಿನ ತಮ್ಮ. ವಾಸನೆಯಲ್ಲಿ, ಮನೆತನದಿಂದ ಹೊರಹಾಕಿದ ತಮ್ಮ. ಹೋಟೆಲಿನ ಬಾಗಿಲಲ್ಲೇ ಆ ಹಣ್ಣಿನ ಚಿತ್ರ ಬರೆದು ಮೇಲೆ ಕೆಂಪು ಗೀಟು ಹಾಕಿದ್ದರು. ಇವನು ಟವೆಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಒಳಗೆ ತಂದ. ಹತ್ತು ನಿಮಿಷದಲ್ಲಿ ಹನ್ನೆರಡನೇ ಮಹಡಿಯವರು ಕಿಟಕಿ ತೆರೆದರು, ಇಪ್ಪತ್ತನೇ ಮಹಡಿಯವರು ಊರು ಬಿಟ್ಟರು. ನಮ್ಮಿಬ್ಬರನ್ನೂ ರೂಮಿನಿಂದ ಎಬ್ಬಿಸಿ ಲಿಫ್ಟಿನ ಪಕ್ಕದ ಗೂಡಿಗೆ ಹಾಕಿದರು. ಮೂರು ದಿನ ನನ್ನ ಅಂಗಿಯ ವಾಸನೆಗೆ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ, ಅವನ ಹೊರತು.

ನಾಲ್ಕನೇ ದಿನ ಹೋಟೆಲಿನಲ್ಲಿ ಹೆಚ್ಚಿಟ್ಟ ಸೊಪ್ಪು, ಸೌತೆ ತಿಂದ. ಯಾವ ನೀರಿನಲ್ಲಿ ತೊಳೆದಿದ್ದರೋ, ಮಧ್ಯಾಹ್ನಕ್ಕೆ ಹೊಟ್ಟೆ ಕೆಟ್ಟಿತು. ಬಸ್ಸು ಹನ್ನೊಂದು ಕಡೆ ನಿಂತಿತು. ಪ್ರೇಕ್ಷಣೀಯ ಸ್ಥಳ ಎಂದು ಕಾಂತೇಶ್ ಪಟ್ಟಿಯಲ್ಲಿ ಬರೆದಿದ್ದು ಎರಡೇ. ಉಳಿದ ಒಂಬತ್ತನ್ನು ಕೃಷ್ಣಪ್ಪ ತೋರಿಸಿದ. ಎನ್.ಆರ್. ಪುರದ ಪ್ರೇಮಕ್ಕ ತನ್ನ ಬಾಳೆಹಣ್ಣುಗಳನ್ನೆಲ್ಲ ಅವನಿಗೆ ಕೊಟ್ಟು, "ಇದನ್ನಾದ್ರೂ ತಿಂದು ಬಸ್ಸು ಮುಂದಕ್ಕೆ ಹೋಗಂಗೆ ಮಾಡಪ್ಪ" ಎಂದಳು. ಪ್ರಕಾಶ ಗಂಜಿ ಕಾಯಿಸಿ, ಉಪ್ಪು ಹಾಕಿ, ಮಜ್ಜಿಗೆ ಬೆರೆಸಿ ತಂದ.

"ತಗೊಳಿ ಕೃಷ್ಣಪ್ಪನೋರೆ. ಔಷಧಿ ಅಂತ ಕುಡೀರಿ."

"ಹೆಣದ ನೀರು" ಎಂದು ಅವನು ಮುಖ ತಿರುಗಿಸಿದ. ಪ್ರಕಾಶ ಆ ಗಂಜಿಯನ್ನು ತಾನೇ ಕುಡಿದ. ಕುದಿಸಿದ ನೀರನ್ನು ಸಹ ಕೃಷ್ಣಪ್ಪ ಒಪ್ಪಲಿಲ್ಲ. ಬರೀ ಎಳನೀರು. ಆ ವಾರ ಮಲೇಷ್ಯಾದ ಮರಗಳು ಅವನನ್ನು ಕಂಡರೆ ಕಾಯಿಗಳನ್ನು ಗರಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದವು.

ಇಲ್ಲಿ ನಾನು ನಿಜ ಹೇಳಬೇಕು. ಏಳನೇ ದಿನ ಶ್ರೀಲಂಕಾದಲ್ಲಿ ಇಳಿಯುವಾಗ ನನಗೆ ಭಯ ಹತ್ತಿತ್ತು. ಅವನ ಪಂಚೆ ಸೊಂಟದಲ್ಲಿ ಎರಡು ಸುತ್ತು ಹೆಚ್ಚು ಬರುತ್ತಿತ್ತು, ಕೆನ್ನೆ ಒಳಗೆ ಹೋಗಿತ್ತು, ಆದರೂ ಬಾಯಿ ಸೋತಿರಲಿಲ್ಲ. ಬೆಳಗ್ಗೆ ನಾನು ಬೇಕೆಂದೇ ಅವನೆದುರು ಬಿಸಿ ಉಪ್ಪಿಟ್ಟು ಹಿಡಿದು ಕೂರುತ್ತಿದ್ದೆ. ಅವನು ನನ್ನ ತಟ್ಟೆಗೆ ಕೈ ಮುಗಿದು, "ಸದ್ಗತಿ ಸಿಗಲಿ" ಎಂದು ಪಪ್ಪಾಯಿ ತಿನ್ನುತ್ತಿದ್ದ. ಅವನು ಗೆದ್ದರೆ ಭಂಡಿಗಡಿಯ ಅಂಗಳದಲ್ಲಿ ನಾನು ತಲೆ ತಗ್ಗಿಸಿ ನಿಲ್ಲಬೇಕು. ನಮ್ಮ ಮನೆಯ ಎಲೆ ಮುಂದೆ ಅವನು ಸಾಯುವ ತನಕ ಕೂರುವುದಿಲ್ಲ. ಯಮುನಮ್ಮ ದಿನಾ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಅವ ಬೇಯಿಸಿದ್ದೇನಾದ್ರೂ ತಿಂದ್ನಾ?" ಇಲ್ಲ ಎಂದರೆ ಫೋನ್ ಇಟ್ಟುಬಿಡುತ್ತಿದ್ದಳು.

ಹಸಿವು ತಡೆಯಲು ಅವನು ಎಲೆಅಡಿಕೆ ಹಾಕುವುದು ಮೂರು ಪಟ್ಟಾಗಿತ್ತು. ನನಗೂ ಒಂದು ಹೋಳು ಕೊಡುತ್ತಿದ್ದ. ಎಷ್ಟೇ ವೈರಿಯಾದರೂ ಎಲೆಅಡಿಕೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಂಟನೇ ದಿನ ಸಂಚಿ ಖಾಲಿಯಾಯಿತು.

ಕ್ಯಾಂಡಿಯಲ್ಲಿ ಊಟಕ್ಕೆ ಬಸ್ಸು ನಿಂತಿತ್ತು. ಪ್ರಕಾಶ ಮರದ ಕೆಳಗೆ ಪುಳಿಯೋಗರೆ ಬಡಿಸುತ್ತಿದ್ದ. ರಸ್ತೆಯ ಆಚೆ ಒಬ್ಬ ಹೆಂಗಸು ವೀಳ್ಯದೆಲೆ ಹರಡಿಕೊಂಡು ಕೂತಿದ್ದಳು. ಕೃಷ್ಣಪ್ಪ ಕರು ತಾಯಿಯ ಕಡೆ ಓಡುವ ಹಾಗೆ ಓಡಿದ. ಅವಳು ಎಲೆಗೆ ಸುಣ್ಣ ಬಳಿದು, ಹಸಿರು ಅಡಿಕೆಯೊಂದನ್ನು ಆಗಲೇ ಕತ್ತರಿಸಿ, ಒಂದು ಹೋಳಿಟ್ಟು ಮಡಿಸಿ ಕೊಟ್ಟಳು. ಇವನು ಎರಡು ಸಲ ಜಗಿದ. ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರು ಬಂತು. ಥೂ ಎಂದು ಉಗುಳಿ, ಮರಕ್ಕೆ ಒರಗಿ, ಹೆಂಗಸಿನ ಮೇಲೆ ಶುರು ಮಾಡಿದ. ಕನ್ನಡದಲ್ಲೇ.

"ಹಸಿ ಅಡಿಕೆ ಯಾರಾದ್ರೂ ತಿಂತಾರಾ ತಾಯಿ? ಸೊಕ್ಕಿ ತಲೆ ಗಿರ್ರ್ ಅಂತದೆ. ನಮ್ಮಲ್ಲಿ ದನ ಸೈತ ಮೂಸಲ್ಲ. ಅಡಿಕೆ ಅಂದ್ರೆ ಬೇಯಿಸಬೇಕು, ಬೇಯಿಸಬೇಕು."

ಅವಳು ನಕ್ಕು ಇನ್ನೊಂದು ಎಲೆ ಮಡಿಸಿದಳು. ಪ್ರಕಾಶ ಸೌಟು ಹಿಡಿದುಕೊಂಡೇ ರಸ್ತೆ ದಾಟಿ ಬಂದ.

"ಎಷ್ಟೊತ್ತು ಬೇಯಿಸ್ತೀರಿ ಕೃಷ್ಣಪ್ಪನೋರೆ?"

ಯಾರಾದರೂ ಆ ವಿದ್ಯೆಯ ಬಗ್ಗೆ ಕೇಳಿದರೆ ಅವನು ಚಟ್ಟದಿಂದಲೂ ಎದ್ದು ಕೂತು ಹೇಳುವವನು. "ಕಾಯಿ ನೋಡ್ಕೊಂಡು. ಎಳೇದಾದ್ರೆ ಒಂದು ಗಂಟೆ, ಬಲಿತದ್ದಾದ್ರೆ ಇನ್ನೂ ಮೇಲೆ."

"ನೀರು ಕುದಿಬೇಕಾ?"

"ಕುದಿಯದೆ ಮತ್ತೆ? ಕೊತ ಕೊತ ಅನ್ನಬೇಕು. ಬೆಂಕಿ ಒಂದು ಗಳಿಗೆ ಸಣ್ಣ ಆದ್ರೂ ಬಣ್ಣ ಹೋಯ್ತು."

"ನಿಮ್ಮ ಸಂಚಿಲಿದ್ದದ್ದು?"

"ಅದಾ? ಹೋದ ವರ್ಷದ್ದು. ಹಂಡೆ ಮುಂದೆ ನಾನೇ ನಿಂತು ಬೇಯಿಸಿ—"

ನಿಲ್ಲಿಸಿದ. ಪ್ರಕಾಶ ಸೌಟನ್ನು ಹೆಗಲ ಮೇಲಿಟ್ಟುಕೊಂಡು ಮರಳಿ ಮರದ ಕೆಳಗೆ ಹೋಗಿ, "ಇನ್ಯಾರಿಗೆ ಹೆಣ ಬಡಿಸ್ಲಿ?" ಎಂದು ಕೇಳಿದ. ಇಪ್ಪತ್ತೇಳು ಜನ ನಕ್ಕ ಸದ್ದಿಗೆ ಕ್ಯಾಂಡಿಯ ಕೆರೆಯಲ್ಲಿ ಅಲೆ ಎದ್ದಿತು.

ನಾನು ನಗಲಿಲ್ಲ; ನಗುವ ಮುಖ ನನಗಿರಲಿಲ್ಲ. ನಾನೂ ಅಡಿಕೆಯವನೇ. ಎಂಟು ದಿನ ಅವನ ಕೈಯಿಂದಲೇ ಬೆಂದ ಹೋಳು ಇಸಿದುಕೊಂಡು ಜಗಿಯುತ್ತ, ಇವನು ಬೇಯಿಸಿದ್ದು ಯಾವಾಗ ತಿನ್ನುತ್ತಾನೆ ಎಂದು ಕಾದಿದ್ದೆ.

"ನುಂಗಿಲ್ಲ ಭಾವಾ" ಎಂದ ಕೃಷ್ಣಪ್ಪ. "ಉಗುಳಿದೀನಿ."

"ನುಂಗೋ ಮಾತು ಆಡಿದ್ದು ಯಾರು? ಬಾಯಿ ಮುಟ್ಟಲ್ಲ ಅಂದವ ನೀನೇ."

ಅವನು ಎದ್ದು ಹೋಗಿ ತಟ್ಟೆ ಹಿಡಿದ. ಪ್ರಕಾಶ ಮೂರು ಸಲ ಬಡಿಸಿದ. ಕಾಂತೇಶ್ ಅದನ್ನೆಲ್ಲ ಫೋನಿನಲ್ಲಿ ಹಿಡಿದು, ಮನೆಯವರೂ ಇದ್ದ ಪ್ರವಾಸದ ಗ್ರೂಪಿಗೆ ಹಾಕಿದ್ದರಿಂದ, ನಾನು ಸುದ್ದಿ ಹೇಳಲು ಕರೆ ಮಾಡುವ ಮೊದಲೇ ಯಮುನಮ್ಮನಿಗೆ ಗೊತ್ತಿತ್ತು. "ಯಾವ ಕೋಳಿ ಹಿಡಿಸ್ಲಿ?" ಎಂದಷ್ಟೇ ಕೇಳಿದಳು.

ಊರಿಗೆ ಮರಳಿದ ಮೇಲಿನ ಭಾನುವಾರ ಕೃಷ್ಣಪ್ಪ ಬಂದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಗಲ್ಲಿಗೇರುವವನ ಮುಖ. ಅಂಗಳದಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಮೆಟ್ಟಿಲು ಹತ್ತಿ, ಕೈ ತೊಳೆದು, ಎಲೆ ಮುಂದೆ ಕೂತ. ಹದಿನಾಲ್ಕು ಕಡುಬು, ಅದಕ್ಕೆ ತಕ್ಕ ಸಾರು. ಯಮುನಮ್ಮ ಸೌಟು ಹಿಡಿದು ಎದುರಿಗೇ ನಿಂತಿದ್ದಳು. ಅವನು ಚೆನ್ನಾಗದೆ ಎನ್ನಬೇಕಿತ್ತು. ಬೆರಳು ನೆಕ್ಕಿದ, ನನ್ನ ಕಡೆ ನೋಡಿದ.

"ಉಪ್ಪು ಒಂಚೂರು ಕಮ್ಮಿ ಅಕ್ಕ."

"ಹದಿನಾಲ್ಕು ಇಳಿದ ಮೇಲೆ ಗೊತ್ತಾಯ್ತಾ?" ಎಂದಳು ಅವಳು. ಉಪ್ಪಿನ ಬಟ್ಟಲನ್ನು ಅವನ ಎಲೆಯ ಪಕ್ಕಕ್ಕೆ ಕುಕ್ಕಿ, ಮತ್ತೆರಡು ಕಡುಬು ಹಾಕಿದಳು.

ಮಾತು ತಪ್ಪಿದವನನ್ನು ಸುಮ್ಮನೆ ಬಿಡುವ ಜಾತಿ ನನ್ನದಲ್ಲ. ಊಟದ ಮೇಲೆ ತಟ್ಟೆ ಮುಂದಿಟ್ಟೆ. ಎಲೆ, ಸುಣ್ಣ, ಬೆಳಗ್ಗೆ ಕೊಯ್ಸಿದ ಹಸಿ ಅಡಿಕೆಯ ಹೋಳು.

"ಭಾವಾ, ಇದು ಹಸಿ."

"ಹೌದು ಮಾರಾಯ. ನಿನ್ನ ವ್ರತ ಕೆಡೋದು ಬೇಡ ಅಂತ."

ಹಟಕ್ಕೆ ಬಿದ್ದು ಬಾಯಿಗೆ ಹಾಕಿಕೊಂಡ. ನನ್ನನ್ನೇ ನೋಡುತ್ತ ಪೂರ್ತಿ ಜಗಿದ. ಐದು ನಿಮಿಷದಲ್ಲಿ ಕಿವಿ ಕೆಂಪಾಗಿ, ಜಗಲಿಯ ಬೆಂಚಿನ ಮೇಲೆ ಕಡಿದ ಬಾಳೆಗಿಡದ ಹಾಗೆ ಉರುಳಿದ. ಮನೆಗೆ ಕಳಿಸುವುದು ಹೇಗೆ? ಯಮುನಮ್ಮ ನನಗೆ ಒಂದು ವರ್ಷಕ್ಕಾಗುವಷ್ಟು ಬೈದು, ತಲೆದಿಂಬು ತಂದಳು, ಮಜ್ಜಿಗೆ ಕುಡಿಸಿದಳು, ಮಗ್ಗುಲಲ್ಲಿ ಕೂತು ಗಾಳಿ ಹಾಕುತ್ತ ಒಂಬತ್ತು ವರ್ಷದ ಮಾತೆಲ್ಲ ಆಡಿದಳು. ಸಂಜೆಗೆ ಎದ್ದವನು ಉಳಿದ ಕಡುಬಿನ ಒಗ್ಗರಣೆಯನ್ನೂ ತಿಂದು, ಮೆಟ್ಟಿಲಿಳಿಯುತ್ತ, "ಬರೋ ಭಾನುವಾರ ಮೀನು ಮಾಡು ಅಕ್ಕ, ಉಪ್ಪು ನೋಡ್ಕೊಂಡು ಹಾಕು" ಎಂದ.

ಈಗ ವಾರ ವಾರವೂ ಬರುತ್ತಾನೆ. ಅವತ್ತು ತಟ್ಟೆಯಲ್ಲಿ ಇನ್ನೆರಡು ಹೋಳು ಹೆಚ್ಚಿಗೆ ಇಡಬೇಕಿತ್ತು.