ಸ್ಲ್ಯಾಬಿಗೆ ಅಡ್ಮಿಷನ್, ಪೇಂಟಿಗೆ ಟಿ.ಸಿ.

ಮಂಗಳೂರಿನ ಕನ್ನಡ ಶಾಲೆಯಲ್ಲಿ ಮಂಗಳೂರಿನವರೇ ಇಲ್ಲ ಎಂದರೆ ಹೊರಗಿನವರು ನಗುತ್ತಾರೆ. ನಾನು ಆ ಮಾತಿಗೆ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು. ನಾನು ಭೂಗೋಳ ಕಲಿಸುತ್ತಿದ್ದ ಅನುದಾನಿತ ಪ್ರೌಢಶಾಲೆ ಇರುವುದು ಜೆಪ್ಪುವಿನ ಕಡೆ. ನಾನು ಕಲಿತದ್ದೂ ಅಲ್ಲಿಯೇ. ಆಗ ಮನೆಯಲ್ಲಿ ಕೊಂಕಣಿ ಆಡುವ ನಾನು, ಪಕ್ಕದಲ್ಲಿ ತುಳುವಿನ ಹುಡುಗಿ, ಆಚೆ ಸಾಲಿನಲ್ಲಿ ಬ್ಯಾರಿ ಹುಡುಗರು. ಒಬ್ಬರ ಮನೆಯಲ್ಲೂ ಕನ್ನಡ ಇರಲಿಲ್ಲ, ಆದರೂ ಎಲ್ಲರೂ ಕನ್ನಡದಲ್ಲೇ ಓದಿ ಪಾಸಾದೆವು. ಈಗ ಈ ಮೂರೂ ಮನೆಗಳ ಮಕ್ಕಳು ಅದೇ ಕಾಂಪೌಂಡಿನ ಆಚೆ ಬದಿಯ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಈಚೆ ಬದಿಗೆ ಬರುತ್ತಿದ್ದವರು ಕೊಪ್ಪಳ, ಬಾಗಲಕೋಟೆ, ಗದಗದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಶಾಲೆ ಶುರುವಾದಂದಿನಿಂದ ಹುಟ್ಟು ಕನ್ನಡದ ಮಕ್ಕಳು ಅಲ್ಲಿ ಬೆಂಚು ತುಂಬಿದ್ದು ಅದೇ ಮೊದಲು. ಅವರನ್ನು ನಮ್ಮ ಊರಿನವರು ‘ಘಟ್ಟದವರು’ ಎಂದು ಕರೆದು ಮೂಗು ಮುರಿಯುತ್ತಾರೆ.

ಕಟ್ಟಡ ನೋಡಿ ನನ್ನ ಹಾಜರಿ ಪುಸ್ತಕದ ಭವಿಷ್ಯ ಹೇಳುವ ವಿದ್ಯೆಯನ್ನು ನಾನು ಆ ಮಕ್ಕಳಿಂದಾಗಿ ಕಲಿತೆ. ಹೊಸ ಅಪಾರ್ಟ್‌ಮೆಂಟಿಗೆ ಸ್ಲ್ಯಾಬ್ ಬೀಳತೊಡಗಿತೆಂದರೆ ನಮ್ಮಲ್ಲಿ ಅಡ್ಮಿಷನ್. ಪೇಂಟಿನವರು ಹಗ್ಗ ಕಟ್ಟಿಕೊಂಡು ಇಳಿಯತೊಡಗಿದರೆಂದರೆ ಅಪ್ಪಂದಿರು ಟಿ.ಸಿ. ಕೇಳಿಕೊಂಡು ಆಫೀಸಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸಂಜೆ ಬಸ್ಸು ಫಳ್ನೀರ್ ದಾಟುವಾಗ ಉಳಿದವರು ಮೊಬೈಲಿಗೆ ತಲೆ ಬಗ್ಗಿಸಿರುತ್ತಿದ್ದರು, ನಾನು ಕತ್ತೆತ್ತಿ ಮಹಡಿಗಳನ್ನು ನೋಡುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಒಮ್ಮೆ ಕೇಳಿದಳು, “ಎಂತ ಟೀಚರ್, ಫ್ಲ್ಯಾಟ್ ತೆಗೊಳ್ಳುವ ಅಂದಾಜು ಉಂಟಾ?”

“ಇಲ್ಲ, ನನ್ನ ಏಳು ಮಕ್ಕಳು ಅಲ್ಲಿದ್ದಾರೆ” ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಒಂದು ಜೂನ್ ತಿಂಗಳಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ ನನ್ನನ್ನು ಒಳಗೆ ಕರೆದರು. ಕನ್ಯಾಸ್ತ್ರೀ ಅವರು, ನಾವೆಲ್ಲ ಸಿಸ್ಟರ್ ಎಂದೇ ಕರೆಯುವುದು. “ಕನ್ನಡ ಎಂಟಕ್ಕೆ ಇನ್ನು ಅಡ್ಮಿಷನ್ ಮಾಡುವುದಿಲ್ಲ ಟೀಚರ್. ನಿಮ್ಮ ಈಗಿನ ಒಂಬತ್ತನೇ ಕ್ಲಾಸೇ ಲಾಸ್ಟ್ ಬ್ಯಾಚ್. ಸರ್ಕಾರ ಹೇಳಿದಷ್ಟು ಸಂಖ್ಯೆ ಇದ್ದರೆ ಹತ್ತರವರೆಗೆ ನಡೆಸುವ. ಒಂದು ಮಗು ಕಮ್ಮಿಯಾದ್ರೂ ಬರುವ ವರ್ಷವೇ ಕ್ಲೋಸ್. ನನ್ನ ಕೈಯಲ್ಲಿ ಎಂತದೂ ಇಲ್ಲ” ಎಂದರು.

ನನ್ನ ಹೊಟ್ಟೆಪಾಡಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅನುದಾನಿತ ಶಾಲೆಯಲ್ಲಿ ತರಗತಿ ಮುಚ್ಚಿದರೆ ಶಿಕ್ಷಕರನ್ನು ‘ಹೆಚ್ಚುವರಿ’ ಎಂದು ಬರೆದು ಬೇರೆ ಶಾಲೆಗೆ ಕಳಿಸುತ್ತಾರೆ. ಮಕ್ಕಳನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ, ಅವರ ದಾರಿ ಅವರೇ ನೋಡಿಕೊಳ್ಳಬೇಕು. ಮುಂದಿನ ಕನ್ನಡ ಹೈಸ್ಕೂಲಿಗೆ ಎರಡು ಬಸ್ಸು ಬದಲಿಸಬೇಕು. ಅಪ್ಪ ಅವ್ವ ಬೆಳಕು ಹರಿಯುವ ಮೊದಲೇ ಕಾಂಕ್ರೀಟಿಗೆ ಹೋಗುವ ಮನೆಗಳಲ್ಲಿ ಹೆಣ್ಣು ಮಗುವನ್ನು ಎರಡು ಬಸ್ಸು ಹತ್ತಿಸುವವರು ಯಾರು? ಅಜ್ಜಿಯ ಜೊತೆಗಿರಲಿ ಎಂದು ಊರಿಗೆ ಕಳಿಸಿಬಿಡುತ್ತಾರೆ. ಊರಿನಲ್ಲಿ ಸೋದರಮಾವನೊಬ್ಬ ವರನಾಗಿ ಕಾದು ಕೂತಿರುತ್ತಾನೆ. ಹಾಗಾಗಿ ಆ ವರ್ಷ ನನಗಿದ್ದ ಹಟ ಒಂದೇ. ಈ ಮಕ್ಕಳು ಹತ್ತನೆಯ ತರಗತಿಯನ್ನು ಇದೇ ಬೆಂಚಿನ ಮೇಲೆ ಕೂತು ಮುಗಿಸಬೇಕು.

ಜಾಗತೀಕರಣದ ಪಾಠ ಬಂದದ್ದು ಮಳೆ ಬಿಟ್ಟ ಮೇಲೆ. ಆ ಪಾಠವನ್ನು ಎಲ್ಲರೂ ಶುರುಮಾಡುವ ಹಾಗೆಯೇ ನಾನೂ ಶುರುಮಾಡಿದೆ. ಇಂದು ಜಗತ್ತೇ ಒಂದು ಹಳ್ಳಿ ಮಕ್ಕಳೇ, ಎಂದೆ. ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕೊಪ್ಪಳದ ಕಡೆಯವಳು, ಅಪ್ಪ ಸೆಂಟ್ರಿಂಗ್ ಕೆಲಸದವನು, ಅವ್ವ ಅದೇ ಕಟ್ಟಡದಲ್ಲಿ ಕೂಲಿ. ಫಳ್ನೀರಿನ ಆ ಕಟ್ಟಡದ ಬುಡದ ಶೆಡ್ಡಿನಲ್ಲಿ ಅವರ ವಾಸ.

“ಹಳ್ಳಿ ಅಂದ್ರ ಎಲ್ಲಾರೂ ಎಲ್ಲಾರ್ನೂ ಮಾತಾಡಸ್ತಾರ್ರಿ ಟೀಚರ್. ಇಲ್ಲಿ ನಮ್ಮನ್ನ ಯಾರೂ ಮಾತಾಡ್ಸಂಗಿಲ್ಲ. ಹಂಗಾರ ಇದು ಹಳ್ಳಿ ಹೆಂಗ ಆತ್ರಿ?”

“ಸರಿ, ಹಳ್ಳಿ ಅಲ್ಲ. ಮತ್ತೆ ಎಂತ ಅದು? ನೀನೇ ಹೇಳು.”

ಅವಳು ಡೆಸ್ಕಿನ ಮೇಲೆ ಉಗುರಿನಿಂದ ಗೀರುತ್ತ ಯೋಚಿಸಿದಳು. “ಸಂತಿ ಅನ್ರಿ. ಸಂತ್ಯಾಗೂ ಎಲ್ಲಾ ಊರಿನವ್ರು ಇರ್ತಾರ, ಎಲ್ಲಾ ಸಾಮಾನು ಇರ್ತಾವ. ಯಾಪಾರ ಮುಗೀತಂದ್ರ ಯಾರ್ಗೆ ಯಾರೂ ಇಲ್ಲ.”

ಬೆಲ್ ಹೊಡೆದರೂ ಆ ದಿನ ತರಗತಿ ಏಳಲಿಲ್ಲ. ಸಂತೆಯೋ ಹಳ್ಳಿಯೋ ಎಂದು ಜಗಳವೇ ಆಯಿತು. ಸಂತೆಯಲ್ಲಿ ಚೌಕಾಸಿ ಮಾಡಬಹುದು, ನಮ್ಮಪ್ಪನಿಗೆ ಮೇಸ್ತ್ರಿಯ ಹತ್ತಿರ ಅದೂ ಆಗುವುದಿಲ್ಲ ಎಂದು ಇನ್ನೊಬ್ಬ ತಕರಾರು ತೆಗೆದ. ಮಾಸ್ತರಿಕೆಯಲ್ಲಿ ಅಂಥ ಅವಧಿಗಳು ಕೈಬೆರಳಲ್ಲಿ ಎಣಿಸುವಷ್ಟು ಸಿಗುತ್ತವೆ. ಮನೆಗೆ ಹೋಗುವಾಗ ಬಸ್ಸಿನಲ್ಲಿ ನಾನೊಬ್ಬಳೇ ನಗುತ್ತಿದ್ದೆ. ಈ ಹುಡುಗಿಯನ್ನು ಕೈಬಿಡಬಾರದು ಎಂದು ಅಂದೇ ನಿಶ್ಚಯಿಸಿದೆ.

ಡಿಸೆಂಬರಿನಲ್ಲಿ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಕೊಟ್ಟವನು ದುಬೈಯಲ್ಲಿ ವ್ಯಾಪಾರ ಮಾಡುವ ಹಳೆ ವಿದ್ಯಾರ್ಥಿ, ನನ್ನ ಸಹಪಾಠಿ. ಬಂದರಿನಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಬ್ಯಾರಿ ಮನೆತನದ ಹುಡುಗ. ಭೂಪಟದಲ್ಲಿ ಅರಬ್ಬೀ ಸಮುದ್ರ ತೋರಿಸು ಎಂದರೆ ಬಂಗಾಳ ಕೊಲ್ಲಿಗೆ ಕೋಲು ಇಟ್ಟು ಕಿವಿ ಹಿಂಡಿಸಿಕೊಂಡವನು. ಅವನೇ ಆ ಸಮುದ್ರ ದಾಟಿ ಹೋಗಿ ನಾಲ್ಕು ಅಂಗಡಿ ಮಾಡಿದ. ಭೂಪಟದಲ್ಲಿ ಯಾವ ದೇಶಕ್ಕಾದರೂ ಕಣ್ಣು ಮುಚ್ಚಿ ಬೆರಳಿಡಬಲ್ಲ ನಾನು ಜೆಪ್ಪು ಬಿಟ್ಟು ಇದೇ ಊರಿನ ಬಲ್ಮಠದಾಚೆ ವಾಸ ಮಾಡಿದವಳಲ್ಲ. ಉದ್ಘಾಟನೆಯ ದಿನ ಹೊಸ ಬೋರ್ಡಿನಲ್ಲಿ ಒಂದು ಮಾದರಿ ಪಾಠ ಆಗಬೇಕು ಎಂದು ಅವನ ಆಸೆ. ಸಿಸ್ಟರ್ ಇಂಗ್ಲಿಷ್ ವಿಭಾಗದ ಟೀಚರಿಗೆ ಹೇಳಿದ್ದರು. ನಾನು ಹೋಗಿ ಬೇಡಿಕೊಂಡೆ. ಅವನು ಓದಿದ್ದು ಕನ್ನಡದಲ್ಲಿ, ಅವನಿಗೆ ಕನ್ನಡದ ಪಾಠ ಕೇಳಿದರೆ ಖುಷಿಯಾಗುತ್ತದೆ ಸಿಸ್ಟರ್, ಎಂದೆ. ನನ್ನ ಲೆಕ್ಕ ಬೇರೆ ಇತ್ತು. ತಾನು ಕೂತ ಬೆಂಚು, ತಾನು ಓದಿದ ತರಗತಿ, ಇಷ್ಟು ಚುರುಕಾದ ಮಕ್ಕಳು. ಇದನ್ನು ಮುಚ್ಚಬೇಡಿ ಎಂದು ಅವನೊಬ್ಬ ಗಟ್ಟಿಯಾಗಿ ಹೇಳಿದರೆ ಸಾಕು. ದಾನಿಯ ಮಾತು ಮೀರುವ ಆಡಳಿತ ಮಂಡಳಿಯನ್ನು ನಾನಿನ್ನೂ ಕಂಡಿಲ್ಲ.

ಅವನು ಒಳಗೆ ಬಂದವನೇ ನನ್ನನ್ನು ನೋಡಿ ದೊಡ್ಡದಾಗಿ ನಕ್ಕ. “ಎಂತ ಮಾರಾಯ್ತಿ, ನೀನು ಇನ್ನೂ ಇಲ್ಲೇ ಉಂಟಾ?”

“ಯಾರಾದರೂ ಒಬ್ಬರು ಇರ್ಬೇಕಲ್ಲ ಮಾರಾಯ, ನಿಂಗೆ ವಾಪಸ್ ಬರ್ಲಿಕ್ಕೆ ಶಾಲೆ ಬೇಡ್ವಾ?” ಎಂದೆ. ಎಲ್ಲರೂ ನಕ್ಕರು. ಶುರು ಚೆನ್ನಾಗಿಯೇ ಆಯಿತು.

ಬೋರ್ಡಿನಲ್ಲಿ ಭೂಪಟ ಹಾಕಿ, ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿದೆ. ಫಳ್ನೀರಿನಲ್ಲಿ ಏಳುತ್ತಿರುವ ಆ ದೊಡ್ಡ ಕಟ್ಟಡಕ್ಕೆ ಎಲ್ಲೆಲ್ಲಿಂದ ಏನೇನು ಬಂದಿದೆ? ಒಬ್ಬೊಬ್ಬರೇ ಬಂದು ಬೋರ್ಡಿನ ಮೇಲೆ ಬೆರಳಿಟ್ಟರು. ನೆಲದ ಟೈಲ್ಸ್ ಗುಜರಾತಿನದು, ಅದನ್ನು ಹಾಸುವವರು ರಾಜಸ್ಥಾನದವರು, ಪೇಂಟಿನವರು ಬಿಹಾರದವರು, ವಾಚ್‌ಮನ್ ನೇಪಾಳದವನು. ಹೆಂಚಿಗೆ ಹೆಸರಾದ ಊರಿನ ಕಟ್ಟಡದಲ್ಲಿ ಈ ಊರಿನದು ನೀರು ಮತ್ತು ಮರಳು ಮಾತ್ರ ಎಂದು ಮಕ್ಕಳೇ ಕಂಡುಹಿಡಿದರು. ದುಡ್ಡು ಎಲ್ಲಿಂದ ಬಂತು ಎಂದಾಗ ಎಲ್ಲ ಬೆರಳುಗಳೂ ಅರಬ್ಬೀ ಸಮುದ್ರದ ಆಚೆ ದಡಕ್ಕೆ ಹೋದವು. ನನ್ನ ಸಹಪಾಠಿ ತಡೆಯಲಾರದೆ ಎದ್ದೇಬಿಟ್ಟ.

“ಮಕ್ಕಳೇ, ಆ ಬಿಲ್ಡಿಂಗಿನಲ್ಲಿ ಒಂದು ಫ್ಲ್ಯಾಟ್ ನನ್ನದು!”

ಕೊಪ್ಪಳದ ಹುಡುಗಿಯ ಮುಖ ಅರಳಿತು. “ಹೌದೇನ್ರಿ ಸರ? ಯಾವ ಫ್ಲೋರ್‌ರಿ?”

“ಏಳನೇದು.”

“ಏಳಕ್ಕ ಸಿಮೆಂಟ್ ಗಟ್ಟಿ ಆಗಾಕ ನಮ್ಮವ್ವನೇ ನೀರ್ ಹೊಡದಾಳ್ರಿ, ಗ್ವಾಡಿ ಗಟ್ಟಿ ಅದಾವ್ರಿ” ಎಂದಳು. ಚುಚ್ಚುವ ಮಾತಲ್ಲ, ನಿಜವಾದ ಹೆಮ್ಮೆ. ಅವನು ಅವಳ ತಲೆ ಮುಟ್ಟಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಗೆದ್ದೆ ಎಂದುಕೊಂಡೆ.

ಅವನು ಮೈಕ್ ಹಿಡಿದ. ದುಬೈಗೆ ಹೋದ ಹೊಸದರಲ್ಲಿ ಇಂಗ್ಲಿಷ್ ಬಾರದೆ ಗೋಡೌನಿನಲ್ಲಿ ಮೂಟೆ ಹೊತ್ತದ್ದನ್ನು ಹೇಳಿದ. ತನಗಿಂತ ಕಿರಿಯ ಹುಡುಗರು ನಾಲ್ಕು ಇಂಗ್ಲಿಷ್ ಮಾತು ಬಲ್ಲವರೆಂದು ಕುರ್ಚಿಯಲ್ಲಿ ಕೂತು ತನ್ನನ್ನು ಬೈದದ್ದನ್ನು ಹೇಳಿದ. “ನನಗಾದದ್ದು ಈ ಮಕ್ಕಳಿಗೆ ಆಗ್ಬಾರ್ದು. ಇವತ್ತು ಚಂದ ಮಾತಾಡಿದ ಐದು ಮಕ್ಕಳನ್ನು ಬರುವ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವ. ಫೀಸು, ಹಾಸ್ಟೆಲ್, ಎಲ್ಲ ನಂದು.” ಸಭೆ ಚಪ್ಪಾಳೆ ತಟ್ಟಿತು. ಹಿಂದೆ ನಿಂತಿದ್ದ ಅಪ್ಪಂದಿರು ಕೈ ಮುಗಿದರು. ನಾನೂ ಚಪ್ಪಾಳೆ ತಟ್ಟಿದೆ. ಅಷ್ಟು ಜನರ ಎದುರು ಇನ್ನೇನು ಮಾಡಬೇಕಿತ್ತು?

ಐದು ಮಕ್ಕಳು ಹೋದರೆ ಉಳಿದವರ ಸಂಖ್ಯೆ ಸಾಲುವುದಿಲ್ಲ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೆ ಮತ್ತು ಸಿಸ್ಟರಿಗೆ ಮಾತ್ರ. ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ವರಾಂಡದಲ್ಲಿ ತಡೆದು ಹೇಳಿದೆ. ಅವನು ಗಾಬರಿಯಾದ. “ಉಳಿದವರಿಗೂ ಎಂತಾದ್ರೂ ಮಾಡುವ, ನೀನು ಟೆನ್ಷನ್ ಮಾಡ್ಬೇಡ” ಎಂದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು, ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅಂದು ರಾತ್ರಿಯೇ ಅವನ ವಿಮಾನ. ಆ ‘ಎಂತಾದ್ರೂ’ ಮಾತ್ರ ಇಂದಿನವರೆಗೂ ಬಂದಿಲ್ಲ.

ಆ ಐವರಲ್ಲಿ ಒಬ್ಬಳಾದ ಕೊಪ್ಪಳದ ಹುಡುಗಿಯ ಅಪ್ಪನಿಗೆ ಬೇಡ ಎಂದು ಹೇಳಲು ನನ್ನಿಂದಾಗಲಿಲ್ಲ. ಏನೆಂದು ಹೇಳುವುದು? ನಿನ್ನ ಮಗಳು ಕನ್ನಡದಲ್ಲೇ ಇದ್ದು ನನ್ನ ತರಗತಿ ಉಳಿಸಲಿ ಎಂದೇ? ನನ್ನ ಅಕ್ಕನ ಮಕ್ಕಳೂ ಇಂಗ್ಲಿಷಿನಲ್ಲೇ ಓದಿ ನರ್ಸುಗಳಾಗಿ ಕಡಲು ದಾಟಿದವರು. ಕನ್ನಡ ಉಳಿಸುವ ಭಾರವನ್ನು ಶೆಡ್ಡಿನಲ್ಲಿರುವವರ ತಲೆಯ ಮೇಲೆ ಮಾತ್ರ ಹೊರಿಸುವುದು ಯಾವ ನ್ಯಾಯ?

ಜೂನಿನಲ್ಲಿ ಕನ್ನಡ ವಿಭಾಗದ ಬಾಗಿಲು ತೆರೆಯಲಿಲ್ಲ. ಫಳ್ನೀರಿನ ಕಟ್ಟಡಕ್ಕೆ ಪೇಂಟ್ ಮುಗಿದು ಶೆಡ್ಡು ಕಿತ್ತರು, ಹುಡುಗಿಯ ಅಪ್ಪ ಅವ್ವ ಸುರತ್ಕಲ್ ಕಡೆ ಇನ್ನೊಂದು ಕಟ್ಟಡಕ್ಕೆ ಹೋದರು, ಅವಳು ಶಾಲೆಯ ಹಾಸ್ಟೆಲ್ ಸೇರಿದಳು. ಉಳಿದ ಹುಡುಗರಲ್ಲಿ ಕೆಲವರು ಎರಡು ಬಸ್ಸಿನ ಶಾಲೆಗೆ ಸೇರಿದರು, ಕೆಲವರು ಅಪ್ಪಂದಿರ ಜೊತೆ ಸೆಂಟ್ರಿಂಗ್ ಹಲಗೆ ಹೊರಲು ಹೋದರು. ಹುಡುಗಿಯರು ಊರಿಗೆ ಹೋದರು. ನಾನು ಹೆಚ್ಚುವರಿಯಾಗಿ ನಗರದ ಇನ್ನೊಂದು ತುದಿಯ ಶಾಲೆಗೆ ಹೋದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಜಾಗತೀಕರಣದ ಸವಾಲುಗಳ ನಡುವೆಯೂ ಕನ್ನಡ ಕಟ್ಟಿದವರು ಎಂದು ನನ್ನನ್ನು ಹೊಗಳಿದರು. ಗಾಯದ ಮೇಲೆ ಬರೆ ಎಳೆಯುವುದಕ್ಕೂ ಒಂದು ಶಾಲು ಬೇಕೇ? ಮನೆಗೆ ಬಂದು ಅದನ್ನು ನೆಲ ಒರೆಸಲು ಹಾಕಿದೆ.

ಮತ್ತೆ ಡಿಸೆಂಬರ್ ಬಂತು. ಸಿಸ್ಟರ್ ಫೋನ್ ಮಾಡಿದರು. ದಾನಿ ಬರುತ್ತಿದ್ದಾನೆ, ಆ ಹುಡುಗಿ ಜಾಗತೀಕರಣದ ಬಗ್ಗೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಬೇಕು, ಬರೆದು ಕೊಟ್ಟಿದ್ದೇವೆ, ಆದರೆ ಹೆದರುತ್ತಾಳೆ. “ನಿಮ್ಮ ಮಾತು ಕೇಳ್ತಾಳೆ ಟೀಚರ್, ಒಮ್ಮೆ ಬಂದು ಧೈರ್ಯ ಹೇಳಿ.”

ಹೋಗಬಾರದೆಂದು ಅಂದುಕೊಂಡವಳು ಹೋದೆ. ಅವಳನ್ನು ನೋಡುವ ಆಸೆ ನನಗೂ ಇತ್ತು. ಹಾಸ್ಟೆಲಿನ ಊಟದ ಹಾಲಿನಲ್ಲಿ ಇಬ್ಬರೇ ಕೂತೆವು. ಟೈ ಕಟ್ಟಿದ್ದಳು, ಸ್ವಲ್ಪ ಎತ್ತರವಾಗಿದ್ದಳು. ತರಗತಿಯಲ್ಲಿ ಪ್ರಶ್ನೆ ಕೇಳುತ್ತೀಯಾ ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. “ಹೆಂಗ್ ಕೇಳಬೇಕು ಅಂತ ಮನಸ್ನ್ಯಾಗ ಜೋಡಿಸ್ಕೊಳ್ಳೋದ್ರಾಗ ಪಾಠ ಮುಂದ್ ಹೋಗಿರ್ತೈತ್ರಿ” ಎಂದಳು. ಆಮೇಲೆ ಎದ್ದು ನಿಂತು, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು, ಗೋಡೆ ನೋಡುತ್ತ ಭಾಷಣ ಒಪ್ಪಿಸಿದಳು. ಒಂದು ತಪ್ಪಿಲ್ಲ. ಉಚ್ಚಾರ ನನಗಿಂತ ಚೆನ್ನಾಗಿತ್ತು. ಜಗತ್ತು ಒಂದು ಹಳ್ಳಿಯಾಗಿದೆ, ಎಲ್ಲರೂ ಎಲ್ಲರಿಗೂ ಹತ್ತಿರವಾಗಿದ್ದಾರೆ ಎಂದು ಅದರ ಸಾರ.

ಜಗಳಕ್ಕೆ ಎಳೆಯೋಣವೆಂದು ಕೇಳಿದೆ. “ಈಗ ಹೇಳಿದೆಯಲ್ಲ, ಅದು ಸರಿಯಾ? ನಿನಗೆ ಎಂತ ಅನಿಸ್ತದೆ?”

ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಟೀಚರ್, ಈಗ ಏನೂ ಕೇಳಬ್ಯಾಡ್ರಿ. ವಿಚಾರ ಮಾಡಿದ್ರ ಮರ್ತ್ ಹೋಗ್ತೈತಿ.”