ಎಡ್ವಿನ್ ಮಾಮ ಹೇಳದ ಸಾಲು

ಅಮೆರಿಕದ ಬೆಲ್‌ವ್ಯೂನಲ್ಲಿ ಇಷ್ಟೊಂದು ಗಾಜಿನ ಕಟ್ಟಡಗಳು ಎದ್ದಿರದ ಕಾಲವದು. ಅಲ್ಲಿನ ಫ್ಯಾಕ್ಟೋರಿಯಾ ಬಡಾವಣೆಯ ನಮ್ಮ ಪುಟ್ಟ ಅಪಾರ್ಟ್‌ಮೆಂಟಿಗೆ ಶನಿವಾರ ಸಂಜೆ ಉಡುಪಿ, ಮಂಗಳೂರು ಕಡೆಯ ಐದಾರು ಕ್ರೈಸ್ತ ಕುಟುಂಬಗಳು ಕನ್ನಡ ಪ್ರಾರ್ಥನೆಗೆ ಬರುತ್ತಿದ್ದವು. ಬಾಗಿಲ ಹೊರಗೆ ಒದ್ದೆ ಶೂಗಳ ರಾಶಿ, ಒಳಗೆ ಕ್ರಿಸ್ಮಸ್ಸಿಗೆಂದು ಎಣ್ಣೆಯಲ್ಲಿ ಕರಿಯುವ ಕಿಡ್ಯೊ ಎಂಬ ಸಿಹಿತಿಂಡಿಯ ಪರಿಮಳ. ಮಕ್ಕಳಾದ ನಾವು ನೆಲದ ಮೇಲೆ ಕೂತು, ಹೊಸ ಬಾಚಣಿಗೆಯ ಮೇಲೆ ಸಿಹಿ ಹಿಟ್ಟನ್ನು ಒತ್ತಿ ಸುರುಳಿ ಮಾಡುತ್ತಿದ್ದೆವು. ಅರ್ಧ ಹಿಟ್ಟು ಹಸಿಯಾಗಿಯೇ ನಮ್ಮ ಹೊಟ್ಟೆ ಸೇರುತ್ತಿತ್ತು.

ನಮ್ಮ ಜೊತೆ ನೆಲಕ್ಕೆ ಕೂರುತ್ತಿದ್ದ ಒಬ್ಬರೇ ದೊಡ್ಡವರೆಂದರೆ ಎಡ್ವಿನ್ ಮಾಮ. ಅಪ್ಪನ ಉಡುಪಿಯ ಗೆಳೆಯ. ಡುವಾಲ್ ಎಂಬ ಊರಿನಿಂದ ಹಳೆಯ ಪಿಕಪ್ಪಿನಲ್ಲಿ ಬರುವಾಗ ನನಗೆಂದೇ ಸೇಬು ತರುತ್ತಿದ್ದರು. ಅವರು ಹಾಡಿದರೆ ಕಿಟಕಿಯ ಗಾಜು ಅದುರುತ್ತದೆ ಎಂದು ನಾನು ನಂಬಿದ್ದೆ. ಆ ವರ್ಷ ನನ್ನ ತಮ್ಮ ಹುಟ್ಟಿದ್ದ. ಕ್ರಿಸ್ಮಸ್ ಮುಗಿದ ಭಾನುವಾರ ಅವನ ದೀಕ್ಷಾಸ್ನಾನ. ಚರ್ಚಿನಲ್ಲಿ ಅವನನ್ನು ಎತ್ತಿಕೊಂಡು, ಅವನ ಪರವಾಗಿ ವಿಶ್ವಾಸ ಪ್ರಮಾಣ ಹೇಳಬೇಕಾದವರು ಎಡ್ವಿನ್ ಮಾಮ. ಮಾಮ ಎತ್ತಿಕೊಳ್ಳುವ ಆ ಭಾಗ್ಯ ನನಗೆ ಸಿಗಲಿಲ್ಲವೆಂದು ತಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚು.

ಅಮ್ಮನ ಬಾಣಂತನಕ್ಕೆ ಬಂದಿದ್ದ ಅಜ್ಜಿ ಊರಲ್ಲಿ ಸಂಡೇ ಸ್ಕೂಲ್ ಟೀಚರ್. ಅಪ್ಪ, ಎಡ್ವಿನ್ ಮಾಮ ಇಬ್ಬರೂ ಅವರ ಕೈಯಲ್ಲೇ ಕಲಿತವರು. ಒಂದು ಶನಿವಾರ ಅಜ್ಜಿ ಮಗುವನ್ನು ಮಾಮನ ತೋಳಿಗೆ ಕೊಟ್ಟು, "ವಿಶ್ವಾಸ ಪ್ರಮಾಣ ಒಮ್ಮೆ ಹೇಳಿ ನೋಡುವಾ" ಎಂದರು. ಎಲ್ಲರೂ ಎದ್ದು ನಿಂತು ಶುರುಮಾಡಿದೆವು. ಮಗನು ಸೃಷ್ಟಿಯಾದವನಲ್ಲ, ತಂದೆಯಂತೆಯೇ ದೇವರು ಎನ್ನುವ ಸಾಲು ಬಂದಾಗ ಆ ದೊಡ್ಡ ದನಿ ಥಟ್ಟನೆ ನಿಂತಿತು.

"ಎಂತ ಎಡ್ವಿನ್, ಮರ್ತು ಹೋಯ್ತಾ?" ಆಮೆನ್ ಆದಮೇಲೆ ಅಜ್ಜಿ ನಗುತ್ತಾ ಕೇಳಿದರು.

"ಮರೆತದ್ದಲ್ಲ ಟೀಚರ್. ಯೇಸುವನ್ನು ನಂಬ್ತೇನೆ. ದೇವರು ಕಳಿಸಿದವ ಅಂತ ನಂಬ್ತೇನೆ. ದೇವರೇ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನ್ನ ಕೈಯ ಬಾಚಣಿಗೆ ಕೆಳಗೆ ಬಿತ್ತು. ದೊಡ್ಡವರು ಹೀಗೂ ಹೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

"ಒಂದು ಸಾಲು ಮಾರಾಯ, ಹೇಳಿ ಬಿಡು. ಯಾರು ಕೇಳ್ತಾರೆ?" ಎಂದರು ಅಪ್ಪ.

"ಮಗುವನ್ನು ಎತ್ಕೊಂಡು ಸುಳ್ಳು ಹೇಳುದಾ?"

ಆ ಒಂದು ಸಾಲಿಗೇಕೆ ಇಷ್ಟು ಗಲಾಟೆ ಎಂದು ನಾನು ಅಜ್ಜಿಯನ್ನು ಇಂಗ್ಲಿಷಿನಲ್ಲೇ ಕೇಳಿದೆ.

"ತುಂಬ ಹಿಂದೆ ಅರಿಯಸ್ ಅಂತ ಒಬ್ಬ ಪಾದ್ರಿ ಇದ್ದ ಮಗಾ. ತಂದೆ ಮೊದಲು, ಮಗ ಆಮೇಲೆ ಅಂತ ಕಲಿಸ್ತಿದ್ದ. ಬಿಷಪ್‌ಗಳೆಲ್ಲ ನಿಸೀಯ ಅನ್ನುವ ಊರಲ್ಲಿ ಸೇರಿ, ವಾದ ಮಾಡಿ ಈ ಸಾಲು ಬರೆದ್ರು. ಒಪ್ಪದವರನ್ನು ಹೊರಗೆ ಹಾಕಿದ್ರು."

ನಾನು ದಂಗಾಗಿ ಹೋದೆ. ಪ್ರಾರ್ಥನೆಯ ಮಾತುಗಳು ಆಕಾಶದಿಂದಲೇ ಇಳಿದಿವೆ ಅಂದುಕೊಂಡಿದ್ದವಳು ನಾನು. ಅದೂ ಅಲ್ಲದೆ ಆ ಪಾದ್ರಿಯ ಮಾತು ನನಗೆ ಸರಿಯಾಗಿಯೇ ಕಂಡಿತ್ತು. ಅಪ್ಪ ಮೊದಲಿದ್ದರು, ತಮ್ಮ ಈಗ ತಾನೇ ಬಂದಿದ್ದ. ಅದನ್ನೇ ಹೇಳಿದೆ.

"ದೇವರದ್ದು ನಮ್ಮ ಹಾಗಲ್ಲ. ದೀಪ ಹಚ್ಚಿದ ಕೂಡ್ಲೇ ಬೆಳಕು ಉಂಟಲ್ಲ? ಯಾವುದು ಮೊದಲು?" ಎಂದ ಅಜ್ಜಿ ನೋಡುತ್ತಿದ್ದುದು ನನ್ನನ್ನಲ್ಲ, ಮಾಮನನ್ನು.

"ಉಡುಪಿಯಲ್ಲೂ ಇದೇ ಹೇಳಿದ್ರಿ ಟೀಚರ್" ಎಂದರು ಮಾಮ ಮೆಲ್ಲಗೆ.

ಅಜ್ಜಿ ಹೋಗಿ ಅವರ ತೋಳಿನಿಂದ ಮಗುವನ್ನು ತೆಗೆದುಕೊಂಡರು. ಬೈಯಲಿಲ್ಲ. ಕಣ್ಣು ತುಂಬಿತ್ತು. "ಊಟ ಮಾಡಿ ಹೋಗು" ಎಂದರು.

ಮಾಮ ನನ್ನ ತಲೆ ಸವರಿ, ಆ ರಾಶಿಯಲ್ಲಿ ತಮ್ಮ ಶೂ ಹುಡುಕಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಅವರು ತಂದಿದ್ದ ಸೇಬನ್ನು ಬಾಡುವವರೆಗೂ ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ. ದೀಕ್ಷಾಸ್ನಾನದ ದಿನ ತಮ್ಮನನ್ನು ಎತ್ತಿಕೊಂಡವರು ಬೇರೊಬ್ಬರು. ಎಲ್ಲ ಸಾಲುಗಳನ್ನೂ ಸರಾಗವಾಗಿ ಒಪ್ಪಿಸಿ ಮುಗಿಸಿದರು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಈಗ ಕಿಡ್ಯೊ ಪ್ಯಾಕೆಟ್ಟಿನಲ್ಲಿ ಬರುತ್ತದೆ. ವಿಶ್ವಾಸ ಪ್ರಮಾಣವನ್ನು ಫೋನ್ ನೋಡಿಕೊಂಡು ಓದುತ್ತೇವೆ. ಆ ಸಾಲಿನಲ್ಲಿ ಯಾರ ದನಿಯೂ ನಿಲ್ಲುವುದಿಲ್ಲ, ಅದಕ್ಕಾಗಿ ಯಾರ ಕಣ್ಣೂ ತುಂಬುವುದಿಲ್ಲ.

ಕಳೆದ ಕ್ರಿಸ್ಮಸ್ಸಿನಲ್ಲಿ, ನನಗಿಂತ ಎತ್ತರ ಬೆಳೆದಿರುವ ತಮ್ಮ ಕಾರಿನಲ್ಲಿ ಕೇಳಿದ: "ಅಕ್ಕಾ, ಇದನ್ನೆಲ್ಲ ಯಾರಾದ್ರೂ ನಿಜವಾಗಿ ಯೋಚನೆ ಮಾಡಿ ಹೇಳ್ತಾರಾ?"

"ಒಬ್ಬರು ಯೋಚನೆ ಮಾಡಿದ್ರು. ಆಗ ನಿನ್ನನ್ನು ಎತ್ಕೊಂಡಿದ್ರು" ಎಂದೆ.